ಮೊದಲ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಫ್ಯಾನು ಬಿಟ್ಟು ಪಿಸ್ಟನ್ ಪಂಪು ಯಾಕೆ ಹಾಕಿದ್ದರು?

ರಿಪೇರಿಅಂಗಡಿ_ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು ಮಿಕ್ಸಿ, ಗ್ರೈಂಡರ್, ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುವ ಸಣ್ಣ ಅಂಗಡಿ. ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಇದುವರೆಗೆ ಬಿಚ್ಚಿದ ಯಾವ ವ್ಯಾಕ್ಯೂಮ್ ಕ್ಲೀನರ್‌ನಲ್ಲೂ ಪಂಪು ಅನ್ನುವ ವಸ್ತು ನೋಡಿಲ್ಲ. ಒಂದು ಮೋಟಾರು, ಶಾಫ್ಟಿನ ತುದಿಗೆ ತೆಳ್ಳಗಿನ ಅಲ್ಯೂಮಿನಿಯಂ ಫ್ಯಾನು, ಅದರ ಮುಂದೆ ಧೂಳಿನ ಚೀಲ. ಅಷ್ಟೇ.

ಮೊನ್ನೆ ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಓದುತ್ತಾ ಕೂತಿದ್ದೆ. 1901ರಲ್ಲಿ ಲಂಡನ್ನಿನಲ್ಲಿ ಮಾಡಿದ ಮೊದಲ ದೊಡ್ಡ ಮಷಿನ್ನಿನಲ್ಲಿ ಇದ್ದದ್ದು ಪಿಸ್ಟನ್ ಪಂಪಂತೆ. ಪೆಟ್ರೋಲ್ ಎಂಜಿನ್ನು, ಬೆಲ್ಟು, ಸಿಲಿಂಡರು, ಎಲ್ಲವನ್ನೂ ಕುದುರೆ ಗಾಡಿ ಮೇಲೆ ಹೇರಿಕೊಂಡು ಮನೆ ಮನೆಗೆ ಹೋಗುತ್ತಿದ್ದರಂತೆ. ನನಗೆ ಆಶ್ಚರ್ಯ ಆದದ್ದು ಗಾಡಿಯಿಂದಲ್ಲ, ಪಂಪಿನಿಂದ. ಕುಲುಮೆಗೆ ಗಾಳಿ ಊದುವುದಕ್ಕೆ, ಗಣಿಯೊಳಗಿನ ಗಾಳಿ ಎಳೆಯುವುದಕ್ಕೆ ಫ್ಯಾನುಗಳು ಆ ಹೊತ್ತಿಗಾಗಲೇ ಇದ್ದವು ಅಲ್ವಾ? ಸುಲಭದ ದಾರಿ ಕಣ್ಣ ಮುಂದೆ ಇರುವಾಗ ಕಷ್ಟದ್ದು ಯಾಕೆ ಹಿಡಿದರು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಶರಾವತಿ_ತೀರ

ಅಣ್ಣ, ನಾನು ಎಂಜಿನಿಯರ್ ಅಲ್ಲ, ಇತಿಹಾಸ ಓದುವವಳು. ಪಂಪಿನ ಲೆಕ್ಕ ಬೇರೆಯವರು ಹೇಳಲಿ. ಆ ಮನುಷ್ಯನ ಕಥೆ ನಾನು ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರದ ಒಂದು ತುಂಡು ಅದರಲ್ಲೂ ಇರಬಹುದು.

ಹೆಸರು ಹ್ಯೂಬರ್ಟ್ ಸೆಸಿಲ್ ಬೂತ್. 1871ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಹುಟ್ಟಿದವರು. ಜಾತ್ರೆಯಲ್ಲಿ ತಿರುಗುತ್ತದಲ್ಲ ದೊಡ್ಡ ತೊಟ್ಟಿಲು, ಅಂಥ ಭಾರೀ ಚಕ್ರಗಳನ್ನು ಬ್ಲ್ಯಾಕ್‌ಪೂಲ್, ಪ್ಯಾರಿಸ್, ವಿಯೆನ್ನಾಗಳಲ್ಲಿ ನಿಲ್ಲಿಸುವ ಕೆಲಸದಲ್ಲಿ ಅವರೂ ಇದ್ದರು. ವಿಯೆನ್ನಾದ್ದು 1897ರದು, ಇವತ್ತಿಗೂ ತಿರುಗುತ್ತಿದೆ. ಅಂದರೆ ಕಬ್ಬಿಣ, ಎಂಜಿನ್ನು, ಸೇತುವೆಗಳ ನಡುವೆ ಬೆಳೆದ ಮನುಷ್ಯ. ಮನೆಗೆಲಸದ ಸಾಮಾನು ಮಾಡುವವರಲ್ಲ.

1901ರಲ್ಲಿ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲ್‌ನಲ್ಲಿ ಅಮೆರಿಕದಿಂದ ಬಂದ ಒಂದು ಯಂತ್ರದ ಪ್ರದರ್ಶನ ಇತ್ತು. ಅದು ಧೂಳನ್ನು ಹೀರುತ್ತಿರಲಿಲ್ಲ, ಊದುತ್ತಿತ್ತು. ಒತ್ತಿದ ಗಾಳಿಯನ್ನು ಕಾರ್ಪೆಟ್ಟಿಗೆ ನುಗ್ಗಿಸಿ, ಮೇಲೆದ್ದ ಧೂಳು ಡಬ್ಬಿಗೆ ಬಂದು ಬೀಳಲಿ ಅನ್ನುವ ಆಸೆ. ಒಂದಿಷ್ಟು ಬೀಳುತ್ತಿತ್ತು, ಜಾಸ್ತಿ ಪಾಲು ಹಾರಿ ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಹೀರಬಾರದೇಕೆ ಎಂದು ಬೂತ್ ಕೇಳಿದರು. ಅದು ಆಗದ ಮಾತು ಎಂದು ಯಂತ್ರದವನು ಸಿಡುಕಿದ.

ಬೂತ್ ಸುಮ್ಮನೆ ಕೂರಲಿಲ್ಲ. ಕೆಲವು ದಿನಗಳಲ್ಲೇ ವಿಕ್ಟೋರಿಯಾ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ, ಮಖಮಲ್ಲಿನ ಕುರ್ಚಿಯ ಬೆನ್ನಿಗೆ ಕರವಸ್ತ್ರ ಹಾಸಿ, ಅದರ ಮೇಲೆ ಬಾಯಿಟ್ಟು ಜೋರಾಗಿ ಉಸಿರು ಎಳೆದರು. ಕರವಸ್ತ್ರ ತಿರುಗಿಸಿ ನೋಡಿದರೆ ಕೆಳಮುಖದಲ್ಲಿ ಕಪ್ಪಗೆ ಧೂಳು ಕೂತಿತ್ತು. ಅದೇ ವರ್ಷ ಆಗಸ್ಟ್ 30ಕ್ಕೆ ಪೇಟೆಂಟ್ ಅರ್ಜಿ ಹಾಕಿದರು.

ಮಷಿನ್ನಿಗೆ ಜನ 'ಪಫಿಂಗ್ ಬಿಲ್ಲಿ' ಅಂತ ಹೆಸರಿಟ್ಟರು. ಕಡುಗೆಂಪು ಬಣ್ಣ. ಮನೆಯೊಳಗೆ ತರುವ ಗಾತ್ರವೇ ಅಲ್ಲ. ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಉದ್ದುದ್ದ ಪೈಪುಗಳನ್ನು ಒಳಗೆ ಬಿಡುತ್ತಿದ್ದರು. ಬಿಳಿ ಸಮವಸ್ತ್ರದ ಕೆಲಸಗಾರರು ಒಳಗೆ ಹೋಗಿ ಕಾರ್ಪೆಟ್ಟು, ಪರದೆ, ಸೋಫಾಗಳ ಧೂಳೆಲ್ಲ ಎಳೆದು ಬರುತ್ತಿದ್ದರು. ಪೈಪಿನ ನಡುವೆ ಗಾಜಿನ ತುಂಡು ಹಾಕಿದ್ದರು, ತಮ್ಮ ಮನೆಯ ಧೂಳು ಓಡುವುದನ್ನು ಜನ ಕಣ್ಣಾರೆ ನೋಡಲಿ ಅಂತ. ಶ್ರೀಮಂತರು ನೆಂಟರಿಷ್ಟರನ್ನು ಕರೆದು, ಚಹಾ ಕೊಟ್ಟು, ಇದನ್ನು ತೋರಿಸುತ್ತಿದ್ದರು.

ಸದ್ದಿಗೆ ಬೀದಿಯ ಕುದುರೆಗಳು ಬೆದರಿ ದೂರುಗಳು ಬಂದವು, ಕೋರ್ಟಿನವರೆಗೂ ಹೋಯಿತು. ಆದರೆ 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ಟು ಚೊಕ್ಕ ಮಾಡಿದ ಮೇಲೆ ಬೂತ್ ಹೆಸರು ನಿಂತುಬಿಟ್ಟಿತು. ದೊರೆಗೆ ಮೆಚ್ಚುಗೆಯಾಗಿ ಅರಮನೆಗೂ ಯಂತ್ರ ಹೋಯಿತು.

ಬಾಯ್ಲರ್_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಮೆಕ್ಯಾನಿಕಲ್ ಹೇಳಿಕೊಟ್ಟವನು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಫ್ಯಾನು. ಫ್ಯಾನು ಎಷ್ಟು ಒತ್ತಡದ ವ್ಯತ್ಯಾಸ ಹುಟ್ಟಿಸುತ್ತದೆ ಅನ್ನುವುದು ಅದರ ರೆಕ್ಕೆಯ ತುದಿ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದರ ಮೇಲಿದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ತುದಿ ಸೆಕೆಂಡಿಗೆ 100 ಮೀಟರ್ ಓಡಿದರೆ, ಬಹಳ ಚೆನ್ನಾಗಿ ಮಾಡಿದ ಫ್ಯಾನಿನಿಂದ ಹೆಚ್ಚೆಂದರೆ 12 ಕಿಲೋಪ್ಯಾಸ್ಕಲ್ ಹತ್ತಿರ ಸಿಗಬಹುದು.

ಈಗ ಆ 100 ಮೀಟರ್ ವೇಗ ತರುವುದು ಹೇಗೆ ನೋಡಿ. ನಿಮ್ಮ ಅಂಗಡಿಗೆ ಬರುವ ಮೋಟಾರು ನಿಮಿಷಕ್ಕೆ 20,000 ಸುತ್ತಿಗೂ ಜಾಸ್ತಿ ತಿರುಗುತ್ತದೆ. 20,000ಕ್ಕೇ ಲೆಕ್ಕ ಹಾಕಿದರೆ ಸುಮಾರು 10 ಸೆಂಟಿಮೀಟರ್ ಅಗಲದ ಫ್ಯಾನು ಸಾಕು, ನಮ್ಮ ಅಂಗೈಯಷ್ಟು. ಅದೇ ವೇಗವನ್ನು ನಿಮಿಷಕ್ಕೆ 1,500 ಸುತ್ತು ತಿರುಗುವ ಶಾಫ್ಟಿನಿಂದ ತರಬೇಕಾದರೆ ಫ್ಯಾನು ಒಂದೂಕಾಲು ಮೀಟರ್ ಅಗಲ ಇರಬೇಕು. ಎತ್ತಿನ ಗಾಡಿಯ ಚಕ್ರದಷ್ಟು. ಅದನ್ನು ಆ ವೇಗದಲ್ಲಿ ತೂಗಿ ಸರಿಮಾಡಿ ತಿರುಗಿಸುವುದು, ಅದೂ ಕಲ್ಲು ಹಾಸಿದ ಬೀದಿಯಲ್ಲಿ ಅಲ್ಲಾಡುವ ಗಾಡಿಯ ಮೇಲೆ! ಯಾರೂ ಒಪ್ಪುವ ಕೆಲಸವಲ್ಲ.

ಎರಡನೆಯದು ಪೈಪು. ಇದು ಮುಖ್ಯ, ಇದನ್ನು ಜನ ಮರೆಯುತ್ತಾರೆ. ನಿಮ್ಮ ಮನೆಯ ಮಷಿನ್ನಿನ ಪೈಪು ಒಂದೂವರೆ ಎರಡು ಮೀಟರ್. ಬೂತ್ ಅವರ ಮಷಿನ್ನು ಬೀದಿಯಲ್ಲಿ, ಧೂಳು ಎರಡನೇ ಮಹಡಿಯಲ್ಲಿ. 30 ಮೀಟರ್ ಪೈಪು, ಒಳವ್ಯಾಸ 32 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಸೆಕೆಂಡಿಗೆ 30 ಲೀಟರ್ ಗಾಳಿ ಅದರಲ್ಲಿ ಓಡಿದರೆ ಬರೀ ಉಜ್ಜಾಟಕ್ಕೇ 20 ಕಿಲೋಪ್ಯಾಸ್ಕಲ್‌ಗಿಂತ ಜಾಸ್ತಿ ಹೋಗುತ್ತದೆ. ಫ್ಯಾನು ಕೊಟ್ಟ 12 ಎಲ್ಲಿ ಸಾಲುತ್ತದೆ? ಕಾರ್ಪೆಟ್ಟಿನ ಹತ್ತಿರ ಉಳಿಯುವುದು ಸೊನ್ನೆ.

ಹಾಗಾಗಿ ಅವರಿಗೆ ಬಲವಾದ ಎಳೆತ ಬೇಕಿತ್ತು. ಬಲವಾದ ಎಳೆತಕ್ಕೆ ಆ ಕಾಲದ ಎಂಜಿನಿಯರಿಗೆ ಗೊತ್ತಿದ್ದ ನಂಬಿಕೆಯ ಯಂತ್ರ ಪಿಸ್ಟನ್ ಪಂಪು. ಉಗಿ ಎಂಜಿನ್ನುಗಳಲ್ಲಿ ಉಗಿಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್‌ನಿಂದ ಗಾಳಿ ತೆಗೆಯಲು ಜೇಮ್ಸ್ ವ್ಯಾಟ್ ಕಾಲದಿಂದಲೂ ಅದನ್ನೇ ಹಾಕುತ್ತಿದ್ದರು. ನಿಧಾನಕ್ಕೆ ತಿರುಗಿದರೂ ಎಳೆತ ಕಡಿಮೆಯಾಗುವುದಿಲ್ಲ. ನಿಧಾನಕ್ಕೆ ತಿರುಗಿದರೆ ಗಾಳಿ ಕಡಿಮೆ ಬರುತ್ತದೆ, ಎಳೆತ ಹಾಗೇ ಇರುತ್ತದೆ. ಫ್ಯಾನಿಗೂ ಪಂಪಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ರಿಪೇರಿಅಂಗಡಿ_ಹಾಸನ

ಮೇಷ್ಟ್ರೇ, ತುಂಬಾ ಧನ್ಯವಾದ. ಫ್ಯಾನಿನ ಅಗಲದ ಲೆಕ್ಕ ಓದಿ ಕಣ್ಣು ತೆರೆದಂತಾಯಿತು. ಇಷ್ಟು ವರ್ಷ ಕೈಯಲ್ಲಿ ಹಿಡಿದ ವಸ್ತು, ಹೀಗೆ ಯೋಚಿಸಿರಲಿಲ್ಲ.

ಇನ್ನೆರಡು ಸಂಶಯ. ಒಂದು, ಆ ಪಂಪು ಎಷ್ಟು ದೊಡ್ಡದಿರಬೇಕು? ಎರಡು, ಒಂದು ಫ್ಯಾನು ಸಾಲದಿದ್ದರೆ ಸಾಲಾಗಿ ನಾಲ್ಕು ಫ್ಯಾನು ಹಾಕಬಹುದಿತ್ತಲ್ಲ? ಬೋರ್‌ವೆಲ್ ಸಬ್‌ಮರ್ಸಿಬಲ್ ಪಂಪಿನಲ್ಲಿ ಒಂದರ ಮೇಲೊಂದು ಇಂಪೆಲ್ಲರ್ ಜೋಡಿಸುತ್ತಾರಲ್ಲ, ಹಾಗೆ.

ಬಾಯ್ಲರ್_ಮೇಷ್ಟ್ರು

ಎರಡನೆಯದಕ್ಕೆ ಮೊದಲು ಉತ್ತರ. ಹಾಗೆಯೇ ಮಾಡಿದರು! ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಚರ್ಚಿನ ಆರ್ಗನ್ ವಾದ್ಯಕ್ಕೆ ಗಾಳಿ ಊದುವ ಯಂತ್ರ ಮಾಡುತ್ತಿದ್ದ ಸ್ಪೆನ್ಸರ್ ಅನ್ನುವ ಕಂಪನಿ ಇತ್ತು. ಒಂದೇ ಶಾಫ್ಟಿನ ಮೇಲೆ ಹಲವು ಫ್ಯಾನು, ಒಂದರ ಗಾಳಿ ಇನ್ನೊಂದಕ್ಕೆ. ಅದನ್ನೇ ತಿರುಗಿಸಿ ಕಟ್ಟಡ ಚೊಕ್ಕ ಮಾಡುವ ಎಳೆತಕ್ಕೂ ಬಳಸಿದರು. ಎಲೆಕ್ಟ್ರಿಕ್ ಮೋಟಾರು ಕೈಗೆ ಬಂದ ಮೇಲೆ ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿ ಪಿಸ್ಟನ್ನಿಗೆ ಪೈಪೋಟಿ ಕೊಟ್ಟವು ಇವೇ.

ಈಗ ಗಾತ್ರ. ಎಳೆತವನ್ನು ಪಾದರಸದ ಇಂಚಿನಲ್ಲಿ ಅಳೆಯುವುದು ಆ ಕಾಲದ ಪದ್ಧತಿ. ಪೂರ್ತಿ ನಿರ್ವಾತ ಅಂದರೆ ಸಮುದ್ರ ಮಟ್ಟದಲ್ಲಿ 30 ಇಂಚಿಗೆ ಸ್ವಲ್ಪ ಕಡಿಮೆ. ಉದಾಹರಣೆಗೆ ಪಂಪು 15 ಇಂಚು ಎಳೆಯುತ್ತಿದೆ ಅನ್ನೋಣ, ಅಂದರೆ ಅರ್ಧ. ಸೆಕೆಂಡಿಗೆ 30 ಲೀಟರ್ ಎಳೆಯುವ ಸಿಲಿಂಡರ್, ನಿಮಿಷಕ್ಕೆ 300 ಸುತ್ತು, ಪಿಸ್ಟನ್ನಿನ ಎರಡೂ ಬದಿ ಕೆಲಸ ಮಾಡುವಂಥದ್ದು. ಒಂದು ಸಲಕ್ಕೆ 3 ಲೀಟರ್. 16 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಓಟ. ಆಟೋರಿಕ್ಷಾ ಎಂಜಿನ್ನಿನ ಸಿಲಿಂಡರ್ ಸುಮಾರು 200 ಸಿಸಿ, ಇದು ಅದರ 15 ಪಟ್ಟು. ಎಳೆದ ಗಾಳಿ ತೆಳುವಾಗಿ ಹಿಗ್ಗಿರುವುದರಿಂದ ನಿಜದಲ್ಲಿ ಇದರ ಎರಡು ಪಟ್ಟು ಬೇಕು. ಇದು ಒಬ್ಬ ಕೆಲಸಗಾರನ ಒಂದು ಪೈಪಿಗೆ.

ಶಕ್ತಿ ಎಷ್ಟು ಬೇಕು ಅಂತಲೂ ಲೆಕ್ಕ ಹಾಕಿದೆ. ಗಾಳಿಗೇ ಸುಮಾರು 3 ಅಶ್ವಶಕ್ತಿ. ಬೆಲ್ಟು, ಬೇರಿಂಗು, ಪಿಸ್ಟನ್ ರಿಂಗುಗಳ ನಷ್ಟ ಸೇರಿಸಿದರೆ 4ರಿಂದ 5. ಬೂತ್ ಅವರ ಎಂಜಿನ್ನು 5 ಅಶ್ವಶಕ್ತಿಯದು ಎಂದೇ ಓದಿದ್ದೇನೆ. ಲೆಕ್ಕ ಇಷ್ಟು ಹತ್ತಿರ ಬಂದಾಗ ಈ ವಯಸ್ಸಿನಲ್ಲೂ ಖುಷಿಯಾಗುತ್ತದೆ.

ಇನ್ನೊಂದು ತೊಂದರೆ ಬಿಸಿ. ಅರ್ಧಕ್ಕೆ ತೆಳುವಾದ ಗಾಳಿಯನ್ನು ಮತ್ತೆ ಹೊರಗಿನ ಒತ್ತಡಕ್ಕೆ ಒತ್ತಿ ಹೊರಹಾಕಬೇಕಲ್ಲ, ಆಗ 30 ಡಿಗ್ರಿಯ ಗಾಳಿ ಲೆಕ್ಕದ ಪ್ರಕಾರ 95 ಡಿಗ್ರಿ ದಾಟುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಅದೇ ಇದು, ಬಿಡುವಿಲ್ಲದೆ, ಇಡೀ ದಿನ.

ಹಾಲಿನಮನೆ_ಮಂಡ್ಯ

ಸರ್, 15 ಇಂಚು ಅಂತ ನೋಡಿ ಬರೆಯಬೇಕು ಅನ್ನಿಸಿತು. ನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಮಷಿನ್ ಇದೆ. ಅದರ ಗೇಜ್ ಮುಳ್ಳು ನಿಲ್ಲುವುದು 50 ಕಿಲೋಪ್ಯಾಸ್ಕಲ್ ಹತ್ತಿರ, ಪಕ್ಕದ ಗೆರೆಯಲ್ಲಿ 15 ಇಂಚು. ನೀವು ಹೇಳಿದ್ದೇ! ಆದರೆ ಪಿಸ್ಟನ್ ಅಲ್ಲ. ದುಂಡಗಿನ ಮನೆಯೊಳಗೆ ಒಂದು ಬದಿಗೆ ಸರಿದ ರೋಟರು, ಅದರ ಸೀಳುಗಳಲ್ಲಿ ಹಿಂದೆ ಮುಂದೆ ಜಾರುವ ಪಟ್ಟಿಗಳು. ಎಣ್ಣೆ ತೊಟ್ಟಿಕ್ಕುತ್ತಾ ಇರಬೇಕು.

ನನ್ನ ಅನುಭವ ಒಂದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಬಕೆಟ್ ತುಂಬಿದ್ದನ್ನು ಗಮನಿಸದೆ ಬಿಟ್ಟೆ. ಹಾಲು ಪೈಪಿನೊಳಗೆ ಏರಿತು. ನಡುವೆ ಒಂದು ತಡೆ ಡಬ್ಬಿ ಇರುತ್ತದೆ, ಹಾಲು ಪಂಪಿಗೆ ಹೋಗದ ಹಾಗೆ. ಅದರ ತೇಲುವ ಚೆಂಡು ಸಿಕ್ಕಿಕೊಂಡಿತ್ತು, ನಾನು ತೊಳೆದಿರಲಿಲ್ಲ. ಹಾಲು ನೇರ ಪಂಪಿಗೆ ಹೋಯಿತು. ಮಾರನೇ ದಿನ ಪಟ್ಟಿಗಳು ಸೀಳಿನಲ್ಲೇ ಅಂಟಿಕೊಂಡಿದ್ದವು. ಎಂಟು ಹಸು ಕೈಯಲ್ಲಿ ಕರೆದೆವು, ಮೂರು ದಿನ. ಮನೆಯವಳ ಮಣಿಕಟ್ಟು ಊದಿಕೊಂಡಿತು.

ಬರೀ ಹಾಲಿಗೇ ಹೀಗಾದರೆ ಕಾರ್ಪೆಟ್ಟಿನ ಮಣ್ಣು ಸಿಲಿಂಡರಿಗೆ ಹೋದರೆ ಪಂಪಿನ ಗತಿ ಏನು? ಅವರು ಅದನ್ನು ಹೇಗೆ ತಡೆದರು?

ರಿಪೇರಿಅಂಗಡಿ_ಹಾಸನ

ಅಣ್ಣಾ, ನೀವು ಕೇಳಿದ್ದೇ ಈ ಚರ್ಚೆಯ ಮುಖ್ಯ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ. ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಗ್ಯಾರೇಜಿನವರು ಎಂಜಿನ್ ವಾಲ್ವ್ ಕೂರಿಸುವಾಗ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಅದು ಏನು? ಎಣ್ಣೆ ಜಿಡ್ಡಿಗೆ ಬೆರೆಸಿದ ಗಟ್ಟಿ ಪುಡಿ. ಬೀದಿ ಧೂಳಿನಲ್ಲಿ ಇರುವುದು ಮರಳಿನ ಪುಡಿ. ಸಿಲಿಂಡರಿನ ಎಣ್ಣೆಗೆ ಅದು ಸೇರಿದರೆ ಆಗುವುದೂ ಅದೇ ಪೇಸ್ಟು. ಪಿಸ್ಟನ್ ರಿಂಗು ಅದನ್ನೇ ಹಚ್ಚಿಕೊಂಡು ಬೋರನ್ನು, ಅಂದರೆ ಸಿಲಿಂಡರಿನ ಒಳಮೈಯನ್ನು, ದಿನಾ ಉಜ್ಜುತ್ತದೆ. ಗೀರು ಬಿದ್ದ ಬೋರಿನಲ್ಲಿ ಎಳೆತ ನಿಲ್ಲುವುದಿಲ್ಲ.

ಆದ್ದರಿಂದ ಆ ಕರವಸ್ತ್ರದ ಕಥೆ ನನಗೆ ಈಗ ಬೇರೆ ಥರ ಕಾಣುತ್ತಿದೆ. ಬೂತ್ ಪರೀಕ್ಷೆ ಮಾಡಿದ್ದು ಹೀರುವುದನ್ನಲ್ಲ. ಬಾಯಿಂದ ಹೀರಿದರೆ ಧೂಳು ಬರುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಅವರು ಪರೀಕ್ಷೆ ಮಾಡಿದ್ದು ಬಟ್ಟೆಯನ್ನು. ಗಾಳಿ ದಾಟಿತು, ಧೂಳು ನಿಂತಿತು. ಬಾಯಿಯೇ ಪಂಪು, ಕರವಸ್ತ್ರವೇ ಚೀಲ. ಇಡೀ ಮಷಿನ್ನು ಆ ಕುರ್ಚಿಯ ಬೆನ್ನಿನ ಮೇಲೆ ಆಗಲೇ ತಯಾರಾಗಿತ್ತು.

ಸಂಶಯ_ನಿವಾರಣೆ

ಕ್ಷಮಿಸಿ, ಒಂದು ತಕರಾರು. ಆ ಕಥೆಯ ಇನ್ನೊಂದು ರೂಪದಲ್ಲಿ ಕರವಸ್ತ್ರವೇ ಇಲ್ಲ. ಕುರ್ಚಿಗೆ ನೇರ ಬಾಯಿಟ್ಟು ಎಳೆದು, ಉಸಿರು ಕಟ್ಟಿ ಕೆಮ್ಮಿದರು ಅಂತ ಇದೆ. ನಿಮ್ಮ ಮಾತು ಪೂರ್ತಿ ನಿಂತಿರುವುದು ಕರವಸ್ತ್ರದ ಮೇಲೆ. ಅದು ಇಲ್ಲದಿದ್ದರೆ?

ಶರಾವತಿ_ತೀರ

ಎರಡೂ ರೂಪ ಇವೆ, ನಿಜ. ಆದರೆ ಬಟ್ಟೆಯ ಮಾತು ಕಥೆಯ ಮೇಲೆ ಮಾತ್ರ ನಿಂತಿಲ್ಲ. ಅವರ ಯಂತ್ರದಲ್ಲಿ ಗಾಳಿ ಪಂಪಿಗೆ ಹೋಗುವ ಮುಂಚೆ ಬಟ್ಟೆಯ ಸೋಸುಕ ಇತ್ತು. ಹೀರುವ ಯಂತ್ರಗಳು ಅವರಿಗಿಂತ ಮುಂಚೆಯೂ ಬಂದಿದ್ದವು ಅನ್ನುವುದನ್ನೂ ನೆನಪಿಡಬೇಕು. 1860ರಲ್ಲಿ ಅಮೆರಿಕದ ಅಯೋವಾದ ಡೇನಿಯಲ್ ಹೆಸ್ ತಿದಿ ಇರುವ ಗುಡಿಸುವ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡರು. 1869ರಲ್ಲಿ ಶಿಕಾಗೋದ ಐವ್ಸ್ ಮೆಕ್‌ಗ್ಯಾಫಿ ಕೈಯಿಂದ ತಿರುಗಿಸುವ ಫ್ಯಾನಿನ 'ವರ್ಲ್‌ವಿಂಡ್' ಮಾಡಿದರು. ಹ್ಯಾಂಡಲ್ ತಿರುಗಿಸುತ್ತಲೇ ಮುಂದಕ್ಕೆ ತಳ್ಳಬೇಕು. ಮೇಷ್ಟ್ರ ಲೆಕ್ಕ ಓದಿದ ಮೇಲೆ ಅದರ ಎಳೆತ ಎಷ್ಟು ಬಡವಾಗಿದ್ದಿರಬೇಕು ಅಂತ ಗೊತ್ತಾಗುತ್ತದೆ. ಒಬ್ಬ ಮನುಷ್ಯನ ಕೈ ಎಷ್ಟು ವೇಗ ಕೊಟ್ಟೀತು!

ಸಂಶಯ_ನಿವಾರಣೆ

ಸರಿ, ಒಪ್ಪಿದೆ. ಎಂಪೈರ್ ಹಾಲಿನ ಯಂತ್ರದಂತೆಯೇ ಊದುವ ಇನ್ನೊಂದು ಇತ್ತು. 1899ರಲ್ಲಿ ಸೇಂಟ್ ಲೂಯಿಸ್‌ನ ಜಾನ್ ಥರ್ಮನ್ ಅದಕ್ಕೆ ಪೇಟೆಂಟ್ ಪಡೆದಿದ್ದರು. ಅದೂ ಕುದುರೆ ಗಾಡಿಯಲ್ಲೇ ಮನೆಗೆ ಬರುತ್ತಿತ್ತು. ಊದುವವರಿಗೆ ಒಂದು ಅನುಕೂಲ ಇತ್ತು, ಅವರ ಪಂಪಿಗೆ ಧೂಳೇ ಬರುತ್ತಿರಲಿಲ್ಲ. ಪಂಪು ಹೊರಗಿನ ಒಳ್ಳೆಯ ಗಾಳಿ ಎಳೆದು ಪೈಪಿಗೆ ತಳ್ಳುತ್ತಿತ್ತು. ಹೀರಲು ಆಗದು ಎಂದ ಆ ಮನುಷ್ಯನ ಮನಸ್ಸಿನಲ್ಲಿ ಬಹುಶಃ ಈ ಭಯವೂ ಇತ್ತೇನೋ.

ರಿಪೇರಿಅಂಗಡಿ_ಹಾಸನ

ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಇರಬಹುದು. ತನ್ನ ಪಂಪು ಹಾಳಾಗುತ್ತದೆ ಅಂತ ಗೊತ್ತಿದ್ದವನೇ ಹಾಗೆ ಸಿಡುಕುವುದು.

ಪಿಟ್ಸ್‌ಬರ್ಗ್_ಕನ್ನಡಿಗ

ತುಮಕೂರಿನವನು, ಈಗ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹನ್ನೆರಡು ವರ್ಷ. ಊರಿನ ಹೆಸರು ಬರಲೇಬೇಕಾದ ಚರ್ಚೆ ಇದು, ಹಾಗಾಗಿ ಸೇರಿಕೊಂಡೆ.

ಬೂತ್ ಲಂಡನ್ ಬೀದಿಯಲ್ಲಿ ಗಾಡಿ ಓಡಿಸುತ್ತಿದ್ದ ಹೊತ್ತಿಗೆ ಅಮೆರಿಕದಲ್ಲಿ ಡೇವಿಡ್ ಕೆನ್ನಿ ಎಂಬವರು ಅದೇ ಕೆಲಸವನ್ನು ಇನ್ನೊಂದು ಕಡೆಯಿಂದ ಹಿಡಿದರು. ಅವರು ಕೊಳಾಯಿ ಕೆಲಸದವರು. ಕಕ್ಕಸಿಗೆ ನೀರು ಬಿಡುವ ಫ್ಲಶ್ ವಾಲ್ವ್‌ನಿಂದ ಹೆಸರು ಮಾಡಿದವರು. ಅವರ ಯೋಚನೆಯೂ ಕೊಳಾಯಿಯವರದೇ. ನೀರಿಗೆ ಪೈಪು ಹಾಕಿದ ಹಾಗೆ ಧೂಳಿಗೂ ಕಟ್ಟಡದ ತುಂಬ ಪೈಪು ಹಾಕಿಬಿಡಿ. ಪಂಪು ಕೆಳಗಡೆ ಒಂದೇ ಕಡೆ ಇರಲಿ. ಪ್ರತಿ ಮಹಡಿಯಲ್ಲಿ ನಲ್ಲಿಯಂಥ ಬಾಯಿ, ಬೇಕಾದಾಗ ಹೋಸ್ ಸಿಕ್ಕಿಸಿ ಗುಡಿಸಿ.

1902ರಲ್ಲಿ ಇಲ್ಲಿನ ಫ್ರಿಕ್ ಬಿಲ್ಡಿಂಗ್‌ನಲ್ಲಿ ಅದನ್ನು ಕೂರಿಸಿದರು. ಉಗಿ ಎಂಜಿನ್ನಿನಿಂದ ಓಡುವಂಥದ್ದು, ತೂಕ 4,000 ಪೌಂಡು, ಅಂದರೆ 1,800 ಕಿಲೋ. ಪೇಟೆಂಟಿಗೆ 1901ರಲ್ಲೇ ಅರ್ಜಿ ಹಾಕಿದ್ದರೂ ಕೈಗೆ ಬಂದದ್ದು 1907ರಲ್ಲಿ. ಕಟ್ಟಡ ಇನ್ನೂ ಗ್ರ್ಯಾಂಟ್ ಸ್ಟ್ರೀಟಿನಲ್ಲಿ ನಿಂತಿದೆ. ನಾನು ಅದರ ಮುಂದೆ ಎಷ್ಟೋ ಸಲ ನಡೆದು ಹೋಗಿದ್ದೇನೆ, ಈ ವಿಷಯ ಗೊತ್ತಿಲ್ಲದೆ.

ಇಂಥ ಸ್ಥಿರ ಪಂಪುಗಳ ವ್ಯವಸ್ಥೆಯಲ್ಲಿ ಧೂಳು ತಡೆಯುವುದಕ್ಕೆ ಬರೀ ಬಟ್ಟೆಯನ್ನು ನಂಬುತ್ತಿರಲಿಲ್ಲ. ಮೊದಲು ಒಂದು ದೊಡ್ಡ ಉರುಳೆ ಡಬ್ಬಿ. ಗಾಳಿ ಅದರೊಳಗೆ ಓರೆಯಾಗಿ ನುಗ್ಗಿ ಸುತ್ತು ಹೊಡೆಯುತ್ತದೆ, ದಪ್ಪ ಕಸ ಗೋಡೆಗೆ ತಾಗಿ ಕೆಳಗೆ ಬೀಳುತ್ತದೆ. ಆಮೇಲೆ ನೀರಿನ ಡಬ್ಬಿ. ಗಾಳಿ ನೀರು ದಾಟಿ ಬರುವಾಗ ಸಣ್ಣ ಧೂಳು ಅಲ್ಲೇ ಒದ್ದೆಯಾಗಿ ನಿಲ್ಲುತ್ತದೆ. ಪಂಪಿಗೆ ಹೋಗುವುದು ತೊಳೆದ ಗಾಳಿ. ಹಾಲಿನಮನೆ ಅವರ ತಡೆ ಡಬ್ಬಿಯ ಅಣ್ಣ ಇದು ಅನ್ನಬಹುದು.

ಹಾಲಿನಮನೆ_ಮಂಡ್ಯ

ರೈಸ್‌ಮಿಲ್ಲಿನಲ್ಲೂ ಹೊಟ್ಟು ಹಿಡಿಯುವುದಕ್ಕೆ ಅಂಥ ಸುತ್ತು ಹೊಡೆಯುವ ಕೊಳವೆ ಇದೆ, ಮೇಲೆ ಅಗಲ, ಕೆಳಗೆ ಚೂಪು. ಸೈಕ್ಲೋನ್ ಅಂತಾರೆ. ತಂತ್ರ ಇಷ್ಟು ಹಳೆಯದು ಅಂತ ತಿಳಿದು ಸಂತೋಷ ಆಯಿತು.

ಹಾರ್ಮೋನಿಯಂ_ಧಾರವಾಡ

ತಿದಿಯ ಮಾತು ಬಂದದ್ದರಿಂದ ನಾನೂ ಒಂದು ಸೇರಿಸುತ್ತೇನೆ. ನಾನು ಹಾರ್ಮೋನಿಯಂ ರಿಪೇರಿ ಮಾಡುವವನು. ನಮ್ಮ ಪೆಟ್ಟಿಗೆಯಲ್ಲಿ ತಿದಿ ಗಾಳಿಯನ್ನು ಒತ್ತಿ ರೀಡಿಗೆ ಕಳಿಸುತ್ತದೆ. ಅಮೆರಿಕದ ಹಳೆಯ ರೀಡ್ ಆರ್ಗನ್‌ಗಳಲ್ಲಿ ಉಲ್ಟಾ, ತಿದಿ ಗಾಳಿಯನ್ನು ರೀಡಿನ ಮೂಲಕ ಹೀರುತ್ತದೆ. ತಿದಿ ಅದೇ, ಚರ್ಮದ ವಾಲ್ವ್ ಯಾವ ಕಡೆ ತೆರೆಯುತ್ತದೆ ಅನ್ನುವುದು ಮಾತ್ರ ಬೇರೆ. ಅಂದರೆ ಕಾಲಲ್ಲಿ ತುಳಿದು ಗಾಳಿ ಹೀರುವ ತಿದಿ ಬೂತ್‌ಗಿಂತ ಎಷ್ಟೋ ಮೊದಲೇ ಮನೆಗಳ ಒಳಗೇ ಇತ್ತು.

ಕರೆಂಟು ಇಲ್ಲದ ಮನೆಗಳಿಗೆ ಅಂತ ಆಮೇಲೆ ತಿದಿಯ ವ್ಯಾಕ್ಯೂಮ್ ಕ್ಲೀನರುಗಳು ಬಂದವು. 1905ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವಾಲ್ಟರ್ ಗ್ರಿಫಿತ್ಸ್ ಒಬ್ಬರೇ ಒತ್ತಬಹುದಾದ್ದನ್ನು ಮಾಡಿದರು. 'ಬೇಬಿ ಡೈಸಿ' ಅನ್ನುವುದಕ್ಕೆ ಇಬ್ಬರು ಬೇಕು. ಒಬ್ಬರು ತಿದಿ ಒತ್ತಬೇಕು, ಇನ್ನೊಬ್ಬರು ಪೈಪು ಹಿಡಿದು ಗುಡಿಸಬೇಕು. ಕುಲುಮೆಯಲ್ಲಿ ಒಬ್ಬ ತಿದಿ ಎಳೆಯುತ್ತಾ ಇನ್ನೊಬ್ಬ ಸುತ್ತಿಗೆ ಹಿಡಿದ ಹಾಗೆ. ತಿದಿಗೆ ಒಂದು ಒಳ್ಳೆಯ ಗುಣ ಇದೆ. ಅದರಲ್ಲಿ ಉಜ್ಜಾಡುವ ಭಾಗವೇ ಇಲ್ಲ, ಚರ್ಮ ಮಡಚುತ್ತದೆ ಬಿಚ್ಚುತ್ತದೆ. ಸ್ವಲ್ಪ ಧೂಳು ಹೋದರೂ ಬೋರ್ ಗೀರುವ ಭಯ ಇಲ್ಲ. ಆದರೆ ಮಡಿಕೆಯಲ್ಲಿ ಸೀಳುತ್ತದೆ, ಅದು ನನಗೆ ದಿನನಿತ್ಯದ ಕೆಲಸ.

ಶರಾವತಿ_ತೀರ

ಫ್ಯಾನು ಕೊನೆಗೆ ಗೆದ್ದದ್ದು ಹೇಗೆ ಅಂತ ಯಾರೂ ಹೇಳಲಿಲ್ಲ. ಅದನ್ನೂ ಬರೆಯುತ್ತೇನೆ.

ಓಹಾಯೋದ ಕ್ಯಾಂಟನ್ ಊರಿನ ಒಂದು ದೊಡ್ಡ ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಕಸ ಗುಡಿಸುವ ಕೆಲಸಕ್ಕಿದ್ದರು. ಅವರಿಗೆ ಉಬ್ಬಸ. ಗುಡಿಸಿದಾಗೆಲ್ಲ ಏಳುವ ಧೂಳಿನಿಂದ ಉಸಿರಾಟ ಕಷ್ಟ. 1907ರಲ್ಲಿ ಒಂದು ಸಣ್ಣ ಎಲೆಕ್ಟ್ರಿಕ್ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಕೋಲು, ಧೂಳು ಹಿಡಿಯಲು ದಿಂಬಿನ ಚೀಲ ಇಷ್ಟನ್ನು ಜೋಡಿಸಿ ಯಂತ್ರ ಮಾಡಿಕೊಂಡರು. 1908ರ ಜೂನ್ 2ಕ್ಕೆ ಪೇಟೆಂಟ್ ಬಂತು. ದುಡ್ಡಿಲ್ಲದೆ ಹಕ್ಕನ್ನು ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್‌ಗೆ ಮಾರಿದರು. ಹೂವರ್ ಹೆಂಡತಿ ಸ್ಪ್ಯಾಂಗ್ಲರ್‌ಗೆ ಸಂಬಂಧಿ. ಆಮೇಲಿನದು ಎಲ್ಲರಿಗೂ ಗೊತ್ತು, ಇಂಗ್ಲೆಂಡಿನಲ್ಲಿ ಆ ಹೆಸರೇ ಕ್ರಿಯಾಪದ ಆಗಿಹೋಯಿತು.

ಆ ಮನುಷ್ಯನ ಉಬ್ಬಸ ನನ್ನನ್ನು ಬಹಳ ಕಾಡುತ್ತದೆ. ನಮ್ಮ ಅಜ್ಜಿಗೂ ಇತ್ತು. ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸುತ್ತಿದ್ದರು, ಆದರೂ ಸೆರಗು ಮೂಗಿಗೆ ಹಿಡಿದೇ ಗುಡಿಸುತ್ತಿದ್ದರು.

ಬಾಯ್ಲರ್_ಮೇಷ್ಟ್ರು

ಶರಾವತಿ ಮೇಡಂ ಹೇಳಿದ್ದರಲ್ಲಿ ಒಂದು ದೊಡ್ಡ ವಿಷಯ ಅಡಗಿದೆ. ಸ್ಪ್ಯಾಂಗ್ಲರ್ ಯಂತ್ರದಲ್ಲಿ ದಿಂಬಿನ ಚೀಲ ಇದ್ದದ್ದು ಫ್ಯಾನಿನ ಹಿಂದೆ, ಮುಂದೆ ಅಲ್ಲ. ಧೂಳು ಮೊದಲು ಫ್ಯಾನಿನ ಮೂಲಕವೇ ದಾಟಿ, ಆಮೇಲೆ ಚೀಲಕ್ಕೆ ಊದಲ್ಪಡುತ್ತಿತ್ತು. ಹಳೆಯ ನಿಲುವು ಮಷಿನ್ನುಗಳೆಲ್ಲ ಹೀಗೆಯೇ. ಪಿಸ್ಟನ್ ಪಂಪಿನಲ್ಲಿ ಇದನ್ನು ಕನಸಿನಲ್ಲೂ ಮಾಡಲಾಗದು. ಫ್ಯಾನಿಗೂ ಅದರ ಮನೆಗೂ ನಡುವೆ ಸಂದು ಇರುತ್ತದೆ, ಒಂದಕ್ಕೊಂದು ಉಜ್ಜುವುದಿಲ್ಲ. ಧೂಳು ಬಂದರೂ ದಾಟಿ ಹೋಗುತ್ತದೆ.

ಇನ್ನೊಂದು, ಮಷಿನ್ನೇ ಕಾರ್ಪೆಟ್ಟಿನ ಮೇಲೆ ಕೂತಿತು. 30 ಮೀಟರ್ ಪೈಪು ಒಂದು ಗೇಣಾಯಿತು. ಪೈಪೇ ಇಲ್ಲದ ಮೇಲೆ ಬಲವಾದ ಎಳೆತ ಯಾಕೆ ಬೇಕು? ಕಡಿಮೆ ಎಳೆತ, ಜಾಸ್ತಿ ಗಾಳಿ, ಜೊತೆಗೆ ತಿರುಗುವ ಬ್ರಷ್ಷು ಸಾಕಾಯಿತು.

ಆದರೂ ದೊಡ್ಡ ಕೆಲಸಕ್ಕೆ ಬೂತ್ ಯಂತ್ರಗಳು ಉಳಿದವು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನೌಕಾದಳದವರು ತಂಗಿದ್ದರು. ಒಂದು ಥರದ ಜ್ವರ ಹರಡಿತು. 15 ಯಂತ್ರ ತಂದು ಗುಡಿಸಿ 26 ಟನ್ ಧೂಳು ತೆಗೆದರಂತೆ.

ರಿಪೇರಿಅಂಗಡಿ_ಹಾಸನ

ಮೇಷ್ಟ್ರೇ, ಹಾಗಾದರೆ ಬಟ್ಟೆಯೇ ಎಲ್ಲ ಅಂದ ನನ್ನ ಮಾತು ಪಂಪಿಗೆ ಸರಿ, ಫ್ಯಾನಿಗೆ ಪೂರ್ತಿ ಸರಿಯಲ್ಲ. ತಿದ್ದಿಕೊಂಡೆ. ಆದರೂ ಅಂಗಡಿಯ ಅನುಭವ ಹೇಳಲೇಬೇಕು. ಈಗಿನ ಮಷಿನ್ನುಗಳಲ್ಲಿ ಫ್ಯಾನಿನ ಗಾಳಿ ಮೋಟಾರಿನ ಒಳಗಿಂದಲೇ ಹಾದು ಅದನ್ನು ತಣ್ಣಗೆ ಇಡುತ್ತದೆ. ಚೀಲ ಹರಿದರೆ ಧೂಳು ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷಿಗೂ ಬೇರಿಂಗಿಗೂ ಹೋಗುತ್ತದೆ. ನನ್ನಲ್ಲಿಗೆ ಸುಟ್ಟು ಬರುವ ಮೋಟಾರುಗಳಲ್ಲಿ ಜಾಸ್ತಿ ಹೀಗೆ ಸತ್ತವು. ಚೀಲ ತೊಳೆದು ಒಣಗಿಸಿ ಹಾಕಿ, ಹರಿದದ್ದು ಹಾಕಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಇವತ್ತು ಭಾನುವಾರ, ಮಗಳ ಜೊತೆ ಒಂದು ಪರೀಕ್ಷೆ ಮಾಡಿದೆ. ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ಪಾರದರ್ಶಕ ಪೈಪು ಇರುತ್ತದಲ್ಲ, ಅದನ್ನು ಕೇಳಿ ತಂದೆ. ಒಂದು ತುದಿ ಕೆಳಗೆ ಬಣ್ಣದ ನೀರಿನ ಬಕೆಟ್ಟಿನಲ್ಲಿ, ಇನ್ನೊಂದು ತುದಿ ಮಹಡಿ ಮೆಟ್ಟಿಲ ಮೇಲೆ. ಮೇಲಿನ ತುದಿಯನ್ನು ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಸೇರಿಸಿ, ಸಂದನ್ನೆಲ್ಲ ಟೇಪು ಸುತ್ತಿ ಮುಚ್ಚಿದೆ. ನೀರು 1 ಮೀಟರ್ 80 ಸೆಂಟಿಮೀಟರ್ ಏರಿ ನಿಂತಿತು. ಆಮೇಲೆ ಮಷಿನ್ ತೆಗೆದು ನಾನೇ ಬಾಯಿಂದ ಎಳೆದೆ. ತಡೆದು ತಡೆದು ಎಳೆಯುತ್ತಾ ಹೋದೆ. 2 ಮೀಟರ್ ದಾಟಿತು! ಮಗಳು ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿದಳು, ಎರಡು ಗೆರೆ, ನನ್ನದು ಮೇಲೆ.

ಮಷಿನ್ನಿಗಿಂತ ನನ್ನ ಬಾಯಿ ಜಾಸ್ತಿ ಎಳೆಯುತ್ತದೆ ಅಂದರೆ ನಂಬಿಕೆಯೇ ಬರಲಿಲ್ಲ. ಎಲ್ಲಾದರೂ ತಪ್ಪಾಯಿತಾ ಮೇಷ್ಟ್ರೇ?

ಬಾಯ್ಲರ್_ಮೇಷ್ಟ್ರು

ತಪ್ಪಿಲ್ಲ, ಬಹಳ ಚೆನ್ನಾಗಿ ಮಾಡಿದ್ದೀರಿ. ಕೆನ್ನೆ, ನಾಲಿಗೆ ಸೇರಿದರೆ ಬಾಯಿ ಒಳ್ಳೆಯ ಪಿಸ್ಟನ್ ಪಂಪು. ಎಳೆತ ಜಾಸ್ತಿ, ಗಾಳಿ ಬಹಳ ಕಡಿಮೆ. ನಿಮ್ಮ ಮಷಿನ್ನಿನದು ಎಳೆತ ಕಡಿಮೆ, ಗಾಳಿ ಜಾಸ್ತಿ. ಧೂಳು ಎತ್ತಲು ಎರಡೂ ಬೇಕು. ನಾನು ಹೇಳಿದ 15 ಇಂಚಿನ ಪಂಪನ್ನು ಅದೇ ಪೈಪಿಗೆ ಸೇರಿಸಿದ್ದರೆ ನೀರು 5 ಮೀಟರ್ ದಾಟುತ್ತಿತ್ತು, ನಿಮ್ಮ ಮಹಡಿಯೂ ಸಾಲದು.

ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಮಗಳ ಕೈಗೆ ಕೈಗಡಿಯಾರ ಕೊಡಿ. ಒಂದು ದೊಡ್ಡ ಪ್ಲಾಸ್ಟಿಕ್ ಕವರಿನ ತುಂಬ ಗಾಳಿ ಹಿಡಿದು, ಮಷಿನ್ ಅದನ್ನು ಎಷ್ಟು ಸೆಕೆಂಡಿನಲ್ಲಿ ಖಾಲಿ ಮಾಡುತ್ತದೆ, ನೀವು ಬಾಯಿಂದ ಎಷ್ಟು ಹೊತ್ತಿನಲ್ಲಿ ಮಾಡುತ್ತೀರಿ ನೋಡಿ. ಕವರನ್ನು ಬಾಯಿಗೆ ನೇರ ಹಿಡಿಯಬೇಡಿ, ಪೈಪಿನ ತುಂಡು ಇಟ್ಟು ಎಳೆಯಿರಿ. ಮಗುವಿಗೆ ಆ ಕೆಲಸ ಕೊಡಬೇಡಿ. ಎರಡೂ ಸಂಖ್ಯೆ ಇಲ್ಲಿ ಹಾಕಿ.

ರಿಪೇರಿಅಂಗಡಿ_ಹಾಸನ

ಖಂಡಿತ ಹಾಕುತ್ತೇನೆ. ಪೈಪಿನ ತುದಿಗೆ ಕರವಸ್ತ್ರ ಕಟ್ಟಿಕೊಂಡೇ ಎಳೆಯುತ್ತೇನೆ. ಗೋಡೆಯ ಗೆರೆಗಳನ್ನು ಅಳಿಸಬೇಡ ಅಂತ ಮಗಳು ಅಮ್ಮನಿಗೆ ಹೇಳಿದ್ದಾಳೆ, ಪಕ್ಕದಲ್ಲಿ '1901' ಅಂತ ಬರೆದಿದ್ದಾಳೆ.